ನಮ್ಮ ಅಡುಗೆಮನೆಯ ನೆಲ

ನಮ್ಮ ಮನೆಗೆ ಏನು ಬರಬೇಕಾದರೂ ದಿಬ್ಬ ಹತ್ತಿಯೇ ಬರಬೇಕಿತ್ತು. ನೀರು, ಸೌದೆ, ಹಿಟ್ಟಿನ ಗಿರಣಿಯ ಬುಟ್ಟಿ ಎಲ್ಲವೂ. ನೆಂಟರು ಕೂಡ ಏದುಸಿರು ಬಿಡುತ್ತ ಬಂದು, ಮಾತಿಗೆ ಮೊದಲು ಕಟ್ಟೆಯ ಮೇಲೆ ಕುಸಿದು ಕೂರುತ್ತಿದ್ದರು. ಹಿರೇಕೆರೂರು ತಾಲೂಕಿನ ಅಂಚಿಗೆ, ತುಂಗಭದ್ರೆಯ ದಂಡೆಯ ಮೇಲೆ ನಮ್ಮೂರು. ಊರಿನ ಬಹುತೇಕ ಮನೆಗಳು ಕೆಳಗೆ ಸಮತಟ್ಟಿನಲ್ಲಿದ್ದವು. ನಮ್ಮದೂ ಇನ್ನು ಕೆಲವು ಮನೆಗಳೂ ಮಾತ್ರ ಹೊಳೆಗೆ ಮುಖ ಮಾಡಿದ ಬೂದುಬಣ್ಣದ ದಿಬ್ಬದ ನೆತ್ತಿಯಲ್ಲಿದ್ದವು. ಹೊಳೆ ತುಂಬಿ ಬಂದಾಗ ಕೆಳಗಿನವರು ಗಂಟುಮೂಟೆ ಹೊತ್ತು ನಮ್ಮಲ್ಲಿಗೆ ಬರುತ್ತಿದ್ದರು. ಉಳಿದ ಕಾಲವೆಲ್ಲ ನೀರಿಗಾಗಿ ನಾವೇ ಕೆಳಗಿಳಿಯುತ್ತಿದ್ದೆವು. ಬಾಲ್ಯ ಎಂದೊಡನೆ ನನಗೆ ನೆನಪಾಗುವುದು ಕುತ್ತಿಗೆಯ ನೋವು. ಈಗಲೂ ಹವೆ ತಂಪಾದರೆ ಅದೇ ಜಾಗದಲ್ಲಿ ಹಿಡಿದುಕೊಳ್ಳುತ್ತದೆ.

ಆ ದಿಬ್ಬ ತಾನಾಗಿ ಎದ್ದ ಗುಡ್ಡವಲ್ಲ, ಮನುಷ್ಯರು ಬಾಳಿ ಬಾಳಿ ಎತ್ತರವಾದ ಜಾಗ ಎಂಬುದು ನನಗೆ ಬಹಳ ದಿನ ತಿಳಿದಿರಲಿಲ್ಲ. ಊರವರು ಅದನ್ನು ಹಾಳೂರ ದಿಬ್ಬ ಎನ್ನುತ್ತಿದ್ದರು. ಮಳೆ ಹೊಡೆದ ಮರುದಿನ ಅಂಗಳದಲ್ಲಿ ಹಳೆಯ ಮಡಕೆಗಳ ಕರಿ, ಕೆಂಪು ಬೋಕಿಚೂರುಗಳು ಏಳುತ್ತಿದ್ದವು. ನಾವು ಹುಡುಗಿಯರು ಅವನ್ನು ಆರಿಸಿ ಕುಂಟಾಬಿಲ್ಲೆ ಆಡುತ್ತಿದ್ದೆವು. ಮುಂಗಾರಿಗೆ ಮೊದಲು ರೈತರು ಚಕ್ಕಡಿ ಕಟ್ಟಿಕೊಂಡು ಬಂದು ದಿಬ್ಬದ ಮಗ್ಗುಲನ್ನು ಅಗೆದು, ಬೂದಿಯಂಥ ಆ ಮಣ್ಣನ್ನು ಗೊಬ್ಬರಕ್ಕೆಂದು ಹೊಲಕ್ಕೆ ಒಯ್ಯುತ್ತಿದ್ದರು. ನುಣ್ಣಗಿನ ಕಲ್ಲುಗೊಡಲಿ ಸಿಕ್ಕರೆ ಅದನ್ನು ಬೇವಿನ ಮರದ ಬುಡದಲ್ಲಿ ಇಟ್ಟು ಕುಂಕುಮ ಹಚ್ಚುತ್ತಿದ್ದರು. ನಮ್ಮ ಮನೆಯ ಗೋಡೆಗಳೂ ಅದೇ ಮಣ್ಣಿನವು. ಸಾರಣೆ ಕಿತ್ತ ಕಡೆ ಬೆರಳಾಡಿಸಿದರೆ ಬಸವನಹುಳದ ಚಿಪ್ಪು ಕೈಗೆ ಬರುತ್ತಿತ್ತು.

ತಲೆಬಾಗಿಲು ದಾಟಿದರೆ ಮೊದಲು ದನಗಳು. ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು ಮತ್ತು ಹಿತ್ತಲು. ಅಡುಗೆಮನೆ ಕತ್ತಲೆಯ ಕೋಣೆ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲಿನಷ್ಟು ಬಿಸಿಲು ಇಳಿದು ಬೆಳಗಿನಿಂದ ಮಧ್ಯಾಹ್ನದವರೆಗೆ ನೆಲದ ಮೇಲೆ ಸರಿಯುತ್ತಿತ್ತು. ಹಿಂದಿನ ಗೋಡೆಗೆ ಹೊಂದಿ ಎರಡು ಬಾಯಿಯ ಮಣ್ಣಿನ ಒಲೆ. ಅದರ ಮುಂದೆ ಅವ್ವ ಒಂದು ಮೊಣಕಾಲು ಎತ್ತಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಪಕ್ಕದ ನೆಲ ಪ್ರತಿವರ್ಷ ಕುಸಿಯುತ್ತಿತ್ತು. ಅವ್ವ ಪ್ರತಿವರ್ಷ ಅಲ್ಲಿಗೆ ಮಣ್ಣು ತುಂಬಿ, ಬಡಿದು, ಸೆಗಣಿ ಸಾರಿಸುತ್ತಿದ್ದಳು. ಇಲಿ ತೋಡಿರಬೇಕು ಎಂದು ಅಜ್ಜಿ ಹೇಳುತ್ತಿದ್ದಳು. ಅದರ ಬಗ್ಗೆ ಇನ್ನಾರೂ ಯೋಚಿಸಿರಲಿಲ್ಲ.

ಅವ್ವನ ತವರು ಅಕ್ಕಿಆಲೂರು. ಭತ್ತದ ಗದ್ದೆಗಳ ನಡುವೆ, ಹಿತ್ತಲಲ್ಲೇ ಬಾವಿಯಿದ್ದ ಮನೆಯಲ್ಲಿ ಬೆಳೆದವಳು. ಈ ದಿಬ್ಬದ ಮನೆಗೆ ಸೊಸೆಯಾಗಿ ಬಂದ ಮೇಲೆ ಅನ್ನ ಹಬ್ಬದೂಟವಾಯಿತು, ನೀರು ತಲೆಯ ಮೇಲಿನ ಭಾರವಾಯಿತು. ಅವಳು ದೂರಿದ್ದನ್ನು ನಾನು ಕೇಳಿಲ್ಲ. ಆದರೆ ಕೊಡ ಇಳಿಸಿದ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತು, ಕಣ್ಣು ತೆರೆದುಕೊಂಡೇ ಎಲ್ಲೋ ಇಲ್ಲವಾಗುತ್ತಿದ್ದಳು. ಆಗ "ಅವ್ವಾ" ಎಂದು ಕರೆದರೆ ಓ ಎನ್ನಲು ಅವಳಿಗೆ ಹೊತ್ತು ಹಿಡಿಯುತ್ತಿತ್ತು. ಅಂಥ ಗಳಿಗೆಯಲ್ಲಿ ಅವಳನ್ನು ಕರೆಯಬಾರದೆಂದು ನಾನು ಬೇಗ ಕಲಿತೆ. ತಮ್ಮ ಅತ್ತರೆ ನಾನೇ ಎತ್ತಿಕೊಳ್ಳುತ್ತಿದ್ದೆ. ದನಕ್ಕೆ ನೀರು ತೋರಿಸುವುದು, ಕಸ ಬಳಿಯುವುದು, ಅಜ್ಜಿಯ ಪೂಜೆಗೆ ಪತ್ರಿ ತರುವುದು ಒಂದೊಂದಾಗಿ ನನ್ನ ಪಾಲಿಗೆ ಬಂದವು. ಯಾರೂ ಹೇಳಿ ಮಾಡಿಸಿದ್ದಲ್ಲ. ದಣಿದವರ ಮಧ್ಯೆ ಬೆಳೆದ ಮಗುವಿಗೆ ದಣಿವು ಕಣ್ಣಿಗೆ ಬೇಗ ಕಾಣಿಸುತ್ತದೆ.

ಅಜ್ಜಿ ಅಪ್ಪನ ತಾಯಿ. ದುಂಡಸಿಯ ಕಡೆಯಿಂದ ಬಂದವಳು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಕಾಳಿನ ಕೋಣೆಯ ಬೀಗದ ಕೈ. ಅವ್ವನ ಮೇಲೆ ಸಿಟ್ಟು ಬಂದರೆ ಎಮ್ಮೆಯನ್ನು ಬೈಯುತ್ತಿದ್ದಳು. "ತಿಂದದ್ದು ಎಲ್ಲಿ ಹೋಗತೈತಿ ನಿಂದು, ಕೆಲಸಕ್ಕ ಮಾತ್ರ ಮೈ ಇಲ್ಲ" ಎಂದು ಗೋದಲಿಯ ಕಡೆ ಮುಖ ಮಾಡಿ ಕೂಗಿದರೆ ಒಳಗೆ ರೊಟ್ಟಿ ಬಡಿಯುವ ಸದ್ದು ಒಂದಿಷ್ಟು ಜೋರಾಗುತ್ತಿತ್ತು. ಅದೇ ಅಜ್ಜಿ ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೈ ಹಿಡಿದು ಕೂತವಳು, ಸಂತೆಯ ದಿನ ಸೆರಗಿನ ಗಂಟಿನಲ್ಲಿ ಬೆಲ್ಲ ಬಚ್ಚಿಟ್ಟು ತಂದವಳು. ಅತ್ತೆ ಸೊಸೆ ಇಬ್ಬರೂ ಒಂದೇ ತಾಟಿನ ಹಿಟ್ಟನ್ನು ನಾದುತ್ತ, ಒಬ್ಬರ ಮುಖ ಒಬ್ಬರು ನೋಡದೆ ಇಡೀ ದಿನ ಕಳೆಯಬಲ್ಲವರಾಗಿದ್ದರು. ಅವರ ನಡುವೆ ಏನೋ ಇದೆ, ಅದನ್ನು ಎತ್ತಬಾರದು ಎಂಬುದಷ್ಟೇ ನನಗೆ ಗೊತ್ತಿತ್ತು. ಊರ ಹೆಂಗಸರ ಮಾತಿನಲ್ಲಿ ಒಮ್ಮೊಮ್ಮೆ "ಮೊದಲಿಂದು ಉಳೀಲಿಲ್ಲಲ್ಲ ಪಾಪ" ಎಂಬ ತುಣುಕು ಕಿವಿಗೆ ಬೀಳುತ್ತಿತ್ತು. ನಾನು ಬಂದೊಡನೆ ಮಾತು ಮೆಣಸಿನಕಾಯಿಯ ಧಾರಣೆಗೆ ಹೊರಳುತ್ತಿತ್ತು.

ಒಂದು ಬೇಸಿಗೆ, ಜೋಳದ ರಾಶಿ ಮುಗಿದ ಮೇಲೆ, ಹಳೇ ಕಾಲದ ಜನರ ಕುರುಹು ಹುಡುಕಿ ದಿಬ್ಬ ಅಗೆಯುವ ಸಾಹೇಬರು ಬಂದರು. ಹೊಳೆದಂಡೆಯ ಮಾವಿನ ತೋಪಿನಲ್ಲಿ ಡೇರೆ ಹಾಕಿದರು. ಸಾಹೇಬರು ಧಾರವಾಡದವರು. ತೆಳ್ಳಗಿನ ಮನುಷ್ಯ, ಬಿಸಿಲಿಗೆ ಮೂಗು ಸುಲಿದಿತ್ತು. ಅಗೆಯುವವರ ಮೇಸ್ತ್ರಿ ಸವಣೂರಿನ ಖಾದರಸಾಬ. ನರೆಗಡ್ಡದ, ಮೆತ್ತಗೆ ಮಾತಾಡುವ ಮನುಷ್ಯ. ನಮ್ಮ ಹಿತ್ತಲು ದಿಬ್ಬದ ತೀರ ಎತ್ತರದ ಜಾಗವಾದ್ದರಿಂದ ಅಲ್ಲೊಂದು ಗುಂಡಿ ತೆಗೆಯಲು ಅಪ್ಪನನ್ನು ಕೇಳಿದರು. ತೆಗೆದ ಮಣ್ಣನ್ನು ತಿರುಗಿ ತುಂಬಿಕೊಡುತ್ತೇವೆಂದರು. ಅಪ್ಪನಿಗೆ ಸಾಹೇಬರೇ ಮನೆಗೆ ಬಂದದ್ದು ಹೆಮ್ಮೆ. ಅಜ್ಜಿಗೆ ನುಗ್ಗೆಯ ಗಿಡದ ಚಿಂತೆ. ಅವ್ವನನ್ನು ಯಾರೂ ಕೇಳಲಿಲ್ಲ.

ಗೆರೆ ಎಳೆದಂತೆ ಚೌಕಾಗಿ ಗುಂಡಿ ಇಳಿಯತೊಡಗಿತು. ಅದರ ಮಗ್ಗುಲಿನಲ್ಲಿ ಬಿಳಿ, ಕರಿ, ಕಂದು ಪಟ್ಟೆಗಳು ಕಂಡವು. ಒಂದೊಂದು ಪಟ್ಟೆಯೂ ಒಂದೊಂದು ಮನೆಯ ನೆಲ ಎಂದು ಸಾಹೇಬರು ಹೇಳಿದರು. ಮನೆ ಬಿದ್ದ ಮೇಲೆ ಅದರ ಮೇಲೆಯೇ ಇನ್ನೊಂದು ಕಟ್ಟಿದ್ದರಂತೆ, ಅದು ಸುಟ್ಟ ಮೇಲೆ ಮತ್ತೊಂದು. ಕಬ್ಬಿಣ ಕಾಣದಿದ್ದ ಕಾಲದವರು, ಕಲ್ಲಿನಲ್ಲೇ ಎಲ್ಲ ಮಾಡಿಕೊಳ್ಳುತ್ತಿದ್ದವರು, ದನ ಸಾಕಿದವರು. ಒಂದು ಮಧ್ಯಾಹ್ನ ನಮ್ಮ ಗೋಡೆಯ ಹತ್ತಿರವೇ, ಆಳದಲ್ಲಿ, ಬೂದಿಯ ನಡುವೆ ಮೂರು ಕಲ್ಲುಗಳ ಒಲೆ ಸಿಕ್ಕಿತು. ಅಗೆಯುವವರಿಗೆ ಮಜ್ಜಿಗೆ ಕೊಡಲು ಬಂದ ಅವ್ವ ತಂಬಿಗೆ ಹಿಡಿದುಕೊಂಡೇ ಬಗ್ಗಿ ನೋಡಿದಳು.

"ಇಲ್ಲಿ ಕುಂತಾಕಿನೂ ಹೊಳಿಯಿಂದನ ನೀರು ಹೊತ್ತಿರಬೇಕಲ್ಲ?" ಎಂದಳು.

"ಮತ್ತೆಲ್ಲಿಂದ ತರಬೇಕ್ರಿ ಅಕ್ಕಾರ," ಎಂದು ಸಾಹೇಬರು ನಕ್ಕರು.

ಅವ್ವ ನಗಲಿಲ್ಲ. ತಂಬಿಗೆಯನ್ನು ನನ್ನ ಕೈಗಿತ್ತು ಒಳಗೆ ಹೋದಳು.

ಅದಾಗಿ ಕೆಲವು ದಿನಕ್ಕೆ, ನಮ್ಮ ಅಡುಗೆಮನೆಯ ಗೋಡೆಯ ಅಡಿಗೆ, ಗುಂಡಿಯ ಮಗ್ಗುಲಿನಿಂದ ಬೂದುಬಣ್ಣದ ಗಡಿಗೆಯೊಂದರ ಹೊಟ್ಟೆ ಹೊರಬಂತು. ನಾನು ನುಗ್ಗೆಯ ಗಿಡದ ಹತ್ತಿರ ನಿಂತಿದ್ದೆ. ಸಾಹೇಬರು ಎಲ್ಲರನ್ನೂ ಸರಿಸಿ ತಾವೇ ಕುಂಚ ಹಿಡಿದು ಕೂತರು. ಸಂಜೆಯ ಹೊತ್ತಿಗೆ ಅದರ ಬಾಯಿಗೆ ಬಾಯಿ ಹಚ್ಚಿ ಮಲಗಿಸಿದ ಇನ್ನೊಂದು ಗಡಿಗೆಯ ಅಂಚು ಕಂಡಿತು. ಒಡೆದಿದ್ದ ಕಡೆಯಿಂದ ಒಳಗೆ ಇಣುಕಿದ ಸಾಹೇಬರು ಕುಂಚ ಕೆಳಗಿಟ್ಟರು. ಖಾದರಸಾಬ ಹೆಗಲ ಮೇಲಿನ ಟವೆಲನ್ನು ತಲೆಗೆ ಹಾಕಿಕೊಂಡು, ಎರಡೂ ಅಂಗೈ ಮುಂದೆ ಹಿಡಿದು, ತುಟಿಯಲ್ಲೇ ಏನೋ ಹೇಳಿಕೊಂಡ. ಅಗೆಯುತ್ತಿದ್ದ ನಮ್ಮೂರಿನವರು ಗುಂಡಿಯಿಂದ ಮೇಲೆ ಬಂದರು. ಅದರಲ್ಲಿ ಕೂಸಿನ ಎಲುಬುಗಳಿದ್ದವು. ಆ ಕಾಲದವರು ಹಸುಗೂಸು ಸತ್ತರೆ ಹೀಗೆ ಗಡಿಗೆಗಳಲ್ಲಿಟ್ಟು ಮನೆಯ ನೆಲದಲ್ಲೇ ಹೂಳುತ್ತಿದ್ದರೆಂದು ಸಾಹೇಬರು ಅಪ್ಪನಿಗೆ ಹೇಳಿದರು. ಎರಡನೆಯ ಗಡಿಗೆ ಪೂರ್ತಿ ನಮ್ಮ ಗೋಡೆಯ ಕೆಳಗಿತ್ತು. ಅದನ್ನು ಒಡೆಯದೆ ತೆಗೆಯಬೇಕಾದರೆ ಅಡುಗೆಮನೆಯ ಒಳಗಿನಿಂದ, ಒಲೆಯ ಪಕ್ಕದ ನೆಲ ಅಗೆಯಬೇಕಿತ್ತು.

ಅಪ್ಪ ಒಳಗೆ ಬಂದು ಹೇಳುವಾಗ ಅಜ್ಜಿ ಊಟಕ್ಕೆ ಕೂತಿದ್ದಳು. ಬಾಯಿಗೆ ಒಯ್ದ ತುತ್ತನ್ನು ತಾಟಿಗೆ ಇಳಿಸಿದಳು.

"ಒಲಿ ಬುಡಕ ಹೆಣ ಇಟ್ಟುಕೊಂಡು ಇಷ್ಟು ವರ್ಷ ಉಂಡೇವೇನೋ ಯಪ್ಪಾ," ಎಂದು ಎದ್ದಳು. "ಇವತ್ತ ತಗಿ ಅದನ್ನ. ಒಲಿ ಒಡಿ, ನೆಲ ಎಲ್ಲಾ ಕೀಳು, ಹೊಸದಾಗಿ ಮಾಡಸು. ಅಲ್ಲೀತನಕ ಈ ಮನ್ಯಾಗ ನಾ ನೀರೂ ಮುಟ್ಟಂಗಿಲ್ಲ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ತಲೆ ಎತ್ತದೆ ಹೇಳಿದಳು:

"ಅದು ಅಲ್ಲೇ ಇರ್ಲಿ."

ಅಪ್ಪ ಕೇಳಿಸಿತೋ ಇಲ್ಲವೋ ಎಂಬಂತೆ ನಿಂತ. ಅವ್ವ ಆ ಮನೆಯಲ್ಲಿ ಏನನ್ನಾದರೂ ಬೇಕು, ಬೇಡ ಎಂದದ್ದನ್ನು ಅವನೂ ಕೇಳಿರಲಿಲ್ಲವೇನೋ.

"ಯಾಕ?" ಎಂದ.

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ಅದರ ಮೇಲೆ ನೀರು ಸವರಿದಳು.

ಅಜ್ಜಿ ಹೇಳಿದ್ದನ್ನು ಮಾಡುವವಳು. ಪಕ್ಕದ ಮನೆಯ ಶಾವಂತ್ರವ್ವನ ಕಟ್ಟೆಯ ಮೇಲೆ ಹಾಸಿಗೆ ಹಾಸಿಕೊಂಡಳು, ಅಲ್ಲೇ ಉಂಡಳು. ಊರು ಹತ್ತಿ ಬರತೊಡಗಿತು. ಗಂಡಸರು ಹಿತ್ತಲ ಗುಂಡಿಯನ್ನು ನೋಡಿ, ಹೆಂಗಸರು ಕಟ್ಟೆಯ ಮೇಲಿನ ಅಜ್ಜಿಯನ್ನು ಮಾತಾಡಿಸಿ, ಎಲ್ಲರೂ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಹೋಗುತ್ತಿದ್ದರು. ಅವ್ವ ಹೊತ್ತಿಗೆ ಸರಿಯಾಗಿ ಅಜ್ಜಿಯ ಪಾಲಿನ ರೊಟ್ಟಿ, ಪುಂಡಿಪಲ್ಯ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದಳು. "ಆ ಒಲಿ ಮ್ಯಾಲ ಬೆಂದಿದ್ದು ನಂಗ ಬ್ಯಾಡ, ಒಯ್ಯಿ," ಎಂದು ಅಜ್ಜಿ ತಿರುಗಿಸುತ್ತಿದ್ದಳು. ಅವ್ವ ಗಂಟು ಬಿಚ್ಚಿ ಅದನ್ನು ಬುಟ್ಟಿಗೆ ಹಾಕುತ್ತಿದ್ದಳು. ಸಂಜೆ ಮತ್ತೆ ಕಟ್ಟುತ್ತಿದ್ದಳು. ನಾನು ಒಯ್ಯುತ್ತಿದ್ದೆ, ತರುತ್ತಿದ್ದೆ. ಮನೆಯಲ್ಲಿ ಇಬ್ಬರು ಮಾತು ಬಿಟ್ಟಾಗ ನಡುವೆ ಓಡಾಡುವ ಮಗುವಿಗೆ ಇಬ್ಬರ ಭಾರವೂ ಬೀಳುತ್ತದೆ. ಮುಂದೆ ಶಾಲೆಯಲ್ಲಿ ಮಾಸ್ತರಿಕೆ ಮಾಡುವಾಗಲೂ, ಗಂಡನ ಮನೆಯಲ್ಲೂ, ಇಬ್ಬರು ಮುನಿಸಿಕೊಂಡರೆ ನಡುವಿನ ಮಾತಿಗೆ ಎಲ್ಲರೂ ನನ್ನನ್ನೇ ಕರೆದರು. ನಾನು ಹೋದೆ. ಆ ಅಭ್ಯಾಸ ಎಲ್ಲಿ ಹತ್ತಿತೆಂದು ನನಗೆ ಗೊತ್ತು.

ಅಪ್ಪ ಊರ ಅಯ್ಯನವರನ್ನು ಕರೆತಂದ. ಅವರು ಕಟ್ಟೆಯ ಮೇಲೆ ಅಜ್ಜಿಯ ಎದುರು ಕೂತು, ಲಿಂಗ ಕಟ್ಟಿದವರಿಗೆ ಸೂತಕ ಎಂಬುದಿಲ್ಲ, ಅದು ಮಣ್ಣು ಸೇರಿದ ಮಣ್ಣು, ಮನೆಗೆ ನಡೆಯಿರಿ ಎಂದು ಸಮಾಧಾನ ಹೇಳಿದರು. ಅಜ್ಜಿ ಕೈ ಮುಗಿದುಕೊಂಡೇ ಕೇಳಿದಳು.

"ನಿಮ್ಮ ಮನ್ಯಾಗ ಒಲಿ ಬುಡಕ ಹಿಂಗ ಐತೇನ್ರಿ, ಅಯ್ಯನವರ?"

ಅಯ್ಯನವರು ನಕ್ಕುಬಿಟ್ಟರು. ಶಾವಂತ್ರವ್ವ ಕೊಟ್ಟ ಚಹಾ ಕುಡಿದು ಇಳಿದುಹೋದರು. ಅಂದು ಅಪ್ಪ ಊಟದ ತಾಟನ್ನು ಗೋಡೆಗೆ ಒಗೆದ. "ನನ್ನ ಅವ್ವ ಮಂದಿ ಮನ್ಯಾಗ ಉಣ್ಣಾಕತ್ಯಾಳ, ನಿಂಗ ಏನ್ ಬೇಕಾಗೇತಿ ಹೇಳಿ ಸಾಯಿ," ಎಂದು ಕೂಗಿದ. ಅಪ್ಪ ಹಾಗೆ ಕೂಗುವವನಲ್ಲ. ಅವ್ವ ಚೆಲ್ಲಿದ್ದನ್ನು ಬಳಿದಳು. ಅವಳಿಗೆ ಏನು ಬೇಕಾಗಿದೆಯೆಂದು ಅವಳಿಗೇ ಆಗ ತಿಳಿದಿತ್ತೋ ಇಲ್ಲವೋ. ಇತ್ತ ಮೋಡ ಕವಿಯತೊಡಗಿತ್ತು. ಮಳೆ ಬಿದ್ದರೆ ಗುಂಡಿಯ ಮಗ್ಗುಲು ಜರಿಯುತ್ತದೆ, ಗಡಿಗೆಗಳೂ ಹೋಗುತ್ತವೆ, ಜೊತೆಗೆ ನಿಮ್ಮ ಗೋಡೆಯೂ ಕೂರುತ್ತದೆ ಎಂದು ಸಾಹೇಬರು ದಿನಾ ಬಂದು ಹೇಳುತ್ತಿದ್ದರು. ಬಲವಂತ ಮಾಡಲಿಲ್ಲ. ಗಡಿಗೆಯ ಮೇಲೆ ಗೋಣಿತಟ್ಟು ಹೊದಿಸಿ ಕಾದರು.

ಒಂದು ಮಧ್ಯಾಹ್ನ ಅವ್ವ ತಾನೇ ಹಿತ್ತಲ ಬಾಗಿಲಿಗೆ ಬಂದು ಸಾಹೇಬರನ್ನು ಕರೆದಳು. ಸೆರಗು ತಲೆಯ ಮೇಲಿತ್ತು. ಅವಳ ಸೀರೆಯ ನಿರಿಗೆ ಹಿಡಿದು ತಮ್ಮ, ಪಕ್ಕದಲ್ಲಿ ನಾನು.

"ಅದು ಗಂಡೋ ಹೆಣ್ಣೋ ಸಾಹೇಬ್ರ?"

"ತಿಳಿಯಂಗಿಲ್ರಿ ಅಕ್ಕಾರ. ಭಾಳ ಎಳೇದು. ಹುಟ್ಟಿ ಕೆಲವು ದಿನ ಇತ್ತೋ, ಅದೂ ಇಲ್ಲೋ."

"ಮನ್ಯಾಗ ಯಾಕ ಇಟ್ರು?"

"ಅದೂ ಖಾತ್ರಿ ಹೇಳಾಕ ಬರಂಗಿಲ್ಲ. ಎಳೇ ಕೂಸುಗಳನ್ನ ಹಿಂಗ ನೆಲದಾಗ ಇಟ್ಟದ್ದು ನಮಗ ಬ್ಯಾರೆ ಕಡೆನೂ ಸಿಕ್ಕೈತಿ. ಮನಿ ಬಿಟ್ಟು ಹೋಗಬಾರದು ಅಂತ ಇರಬಹುದು. ನಾವು ಅಂದಾಜು ಮಾಡತೇವಿ, ಅಷ್ಟ."

"ಅದನ್ನ ಇಟ್ಟಾಕಿ ಹಡದಾಕಿನ ಏನು?"

ಸಾಹೇಬರು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅದನ್ನ ಮಣ್ಣು ಹೇಳಂಗಿಲ್ರಿ," ಎಂದರು.

ಅವ್ವ ತಲೆಯಾಡಿಸಿದಳು. ತಮ್ಮನ ಕೈಯನ್ನು ಸೀರೆಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟಳು. ಪಡಸಾಲೆ ದಾಟಿ, ದನಗಳನ್ನು ದಾಟಿ, ಹೊರಗೆ ಬಿಸಿಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಶಾವಂತ್ರವ್ವನ ಕಟ್ಟೆಯ ಮೇಲೆ ಅಜ್ಜಿ ಕಾಳು ಹಸನು ಮಾಡುತ್ತಿದ್ದಳು. ಸುತ್ತ ನಾಲ್ಕಾರು ಹೆಂಗಸರು. ಅವ್ವ ಕಟ್ಟೆ ಹತ್ತಲಿಲ್ಲ, ಕೆಳಗೇ ನಿಂತಳು.

"ಅತ್ತಿ, ನನ್ನ ಮೊದಲಿಂದನ್ನ ಎಲ್ಲಿ ಇಟ್ರಿ?"

ಅಜ್ಜಿಯ ಕೈಯಲ್ಲಿ ಮೊರ ನಿಂತಿತು. "ಈಗ್ಯಾಕಬೇ ಅದು?" ಎಂದಳು.

"ಅವತ್ತು ಕೇಳಾಕ ನಂಗ ಎಚ್ಚರ ಇರಲಿಲ್ಲ. ಎಚ್ಚರಾದ ಮ್ಯಾಲ ಕೇಳಿದ್ರ, ಆತಲ್ಲ ಬಿಡು ಅಂದ್ರಿ. ಗಂಡೋ ಹೆಣ್ಣೋ ಅದನ್ನೂ ಹೇಳಲಿಲ್ಲ. ಮಖಾ ತೋರಸಲಿಲ್ಲ. ಇವತ್ತ ಹೇಳ್ರಿ."

ಆ ಕಥೆಯನ್ನು ನಾನು ಪೂರ್ತಿ ತಿಳಿದದ್ದು ಆಮೇಲೆ. ಹೆರಿಗೆಗೆ ಅವ್ವನನ್ನು ಅಕ್ಕಿಆಲೂರಿಗೆ ಕಳಿಸುವ ಮೊದಲೇ, ದಿನ ತುಂಬದೆಯೇ, ನೀರು ಹೊತ್ತು ದಿಬ್ಬ ಹತ್ತುವಾಗ ಅವಳಿಗೆ ನೋವು ಬಂದಿತ್ತು. ಆ ಅಡುಗೆಮನೆಯಲ್ಲೇ ಹೆತ್ತಳು. ಕೂಸು ಅಳಲಿಲ್ಲ. ಅವಳು ಕಣ್ಣು ತೆರೆಯುವಷ್ಟರಲ್ಲಿ ಅದು ಮನೆಯಲ್ಲಿರಲಿಲ್ಲ.

"ಕಣ್ಣಿಲೆ ಕಂಡ್ರ ಮರಿಯಾಕ ಆಗಂಗಿಲ್ಲ ಅಂತ ನಮ್ಮತ್ತಿ ಹೇಳತಿದ್ಲು," ಎಂದಳು ಅಜ್ಜಿ. ಅವಳ ದನಿ ಇಳಿದಿತ್ತು. "ನಿನ್ನ ಚಲೋಕ್ಕ ಮಾಡಿದ್ದು."

"ಎಲ್ಲಿ ಇಟ್ರಿ?"

"ನಂಗ ಗೊತ್ತಿಲ್ಲಬೇ. ಹೊಳಿ ಕಡೆ ಒಯ್ಯಿ ಅಂತ ಮಗನ ಕೈಯಾಗ ಕೊಟ್ಟೆ. ಎಲ್ಲಿ ಇಟ್ಟಿ ಅಂತ ಅವನ್ನ ಕೇಳಲಿಲ್ಲ." ಮೊರವನ್ನು ಪಕ್ಕಕ್ಕಿಟ್ಟಳು. "ನಂದೂ ಎರಡು ಹಂಗ ಹೋದವು. ನಂಗ ಯಾರು ಹೇಳ್ಯಾರ? ನಾ ಯಾರನ್ನ ಕೇಳಲಿ?"

ಅಷ್ಟೊತ್ತಿಗೆ ಎತ್ತುಗಳ ಮೈ ತೊಳೆದುಕೊಂಡು ಅಪ್ಪ ದಿಬ್ಬ ಹತ್ತಿ ಬರುತ್ತಿದ್ದ. ಕಟ್ಟೆಯ ಸುತ್ತ ನೆರೆದವರನ್ನು ಕಂಡು ಹಗ್ಗ ಹಿಡಿದೇ ನಿಂತ. ಅವ್ವ ಅವನ ಕಡೆ ತಿರುಗಿದಳು. ಮತ್ತೆ ಕೇಳಬೇಕಾಗಲಿಲ್ಲ. ಅವನಿಗೆ ಅರ್ಥವಾಗಿತ್ತು. ಆ ಹೊತ್ತು ಒಂದು ದಿನ ಬರುತ್ತದೆಂದು ಅವನು ಕಾದೇ ಇದ್ದನೇನೋ.

"ಗಂಡು," ಎಂದ. ಹಗ್ಗವನ್ನು ಕೈಗೆ ಸುತ್ತಿಕೊಂಡ. "ಮತ್ತೀಮರದ ಕೆಳಗ ಇಟ್ಟೆ. ನಾಯಿ ಕೆದರಬಾರದು ಅಂತ ಮ್ಯಾಲ ಕಲ್ಲು ಏರಿಸಿದೆ. ಆ ವರ್ಷನ ಹೊಳಿ ಬಂದು ದಂಡಿ ಹೋತು. ಮರಾನೂ ಹೋತು. ನಿಂಗ ಬಂದು ಏನಂತ ಹೇಳಲಿ?"

ಅಪ್ಪ ಎತ್ತಿನ ಕೊರಳಿಗೆ ಮುಖ ಒರಗಿಸಿದ. ಅವನು ಅಳುವುದನ್ನು ನಾನು ಅಂದೇ ಮೊದಲು ಕಂಡದ್ದು. ಎತ್ತು ಅಲುಗಾಡದೆ ನಿಂತಿತ್ತು. ಅವ್ವ ಅವನ ಹತ್ತಿರ ಹೋಗಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡಿದಳು. ಮನೆಗೆ ಬಂದು ಹಿತ್ತಲಿಗೆ ಹೋಗಿ ಸಾಹೇಬರಿಗೆ ಹೇಳಿದಳು:

"ನಾಳೆ ತಗೀರಿ. ಅದರಾಗ ಮಳಿ ನೀರು ಹೊಗೋದು ಬ್ಯಾಡ."

ಮರುದಿನ ಬೆಳಿಗ್ಗೆ ಒಲೆಯನ್ನು ಅವ್ವನೇ ಒಡೆದಳು. ಬೆಳಕಿಂಡಿಯ ಬಿಸಿಲಿನಲ್ಲಿ ಧೂಳು ತುಂಬಿತು. ನಮ್ಮೂರಿನವರು ಯಾರೂ ಮುಟ್ಟಲು ಬರಲಿಲ್ಲವಾದ್ದರಿಂದ ಸಾಹೇಬರೂ ಖಾದರಸಾಬನೂ ತಾವೇ ನೆಲ ಬಿಡಿಸಿದರು. ಅವ್ವ ವರ್ಷ ವರ್ಷ ತುಂಬಿದ ಮಣ್ಣು ಪದರ ಪದರವಾಗಿ ಎದ್ದು ಬಂತು. ಅದರ ಕೆಳಗೆ ಹಳೆಯ ಮಣ್ಣು, ಅದರ ಕೆಳಗೆ ಇನ್ನೂ ಹಳೆಯದು. ಬಿರುಕುಬಿಟ್ಟ ಗಡಿಗೆಗಳಿಗೆ ಬಟ್ಟೆಯ ಪಟ್ಟಿ ಸುತ್ತಿ, ಅಂಟು ಹಚ್ಚಿ, ಒಣಗಲು ಬಿಟ್ಟರು. ಎತ್ತುವ ಹೊತ್ತಿಗೆ ಗೋಡೆಯ ಸಂದಿಯಲ್ಲಿ ಗಂಡಸರ ತೋಳು ಹಿಡಿಯಲಿಲ್ಲ. ಸಾಹೇಬರು ಸುತ್ತ ನೋಡಿದರು. ಯಾರೂ ಕೇಳುವ ಮೊದಲೇ ಅವ್ವ ಬಳೆಗಳನ್ನು ಮೇಲೆ ಸರಿಸಿ ಕುಣಿಯೊಳಗೆ ಇಳಿದಿದ್ದಳು.

"ತಳಕ್ಕ ಕೈ ಕೊಡ್ರಿ ಅಕ್ಕಾರ. ಅವಸರ ಮಾಡಬ್ಯಾಡ್ರಿ. ಹಾಂ, ಹಂಗ."

"ಹಗೂರ ಐತಲ್ರಿ," ಎಂದಳು ಅವ್ವ.

ಅಷ್ಟೇ ಅವಳು ಆಡಿದ ಮಾತು. ಅವಳ ಮುಖದಲ್ಲಿ ಏನಾದರೂ ಕಂಡೀತೆಂದು ನಾನು ನೋಡುತ್ತಿದ್ದೆ. ದಿನಾ ಕಾಣುವ ದಣಿವು ಬಿಟ್ಟು ಬೇರೇನೂ ಕಾಣಲಿಲ್ಲ. ಆದರೆ ಗಡಿಗೆ ಮೇಲೆ ಬಂದ ನಂತರವೂ ಕೆಲ ಹೊತ್ತು ಅವಳು ಕೈ ತೆಗೆಯಲಿಲ್ಲ, ಸಾಹೇಬರೂ ತೆಗೆಯಿರಿ ಎನ್ನಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಚೌಕಟ್ಟು ಹಿಡಿದು ನಿಂತಿದ್ದಳು. ಯಾವಾಗ ಬಂದಳೋ ನಾನು ನೋಡಿರಲಿಲ್ಲ. ಕಟ್ಟಿಗೆಯ ಪೆಟ್ಟಿಗೆಗೆ ಹುಲ್ಲು ಹಾಸುವಾಗ ಅವ್ವ ಒಳಗಿನಿಂದ ಹಳೆಯ ಮೆತ್ತನೆಯ ಸೀರೆಯ ತುಂಡೊಂದನ್ನು ತಂದಳು. "ಬಟ್ಟಿ ಬ್ಯಾಡ್ರಿ, ಹುಳ ಹಿಡೀತೈತಿ, ಹುಲ್ಲು ಸಾಕು," ಎಂದರು ಸಾಹೇಬರು. ಅವ್ವ ಅದನ್ನು ಮಡಚಿ ಒಳಗೆ ಒಯ್ದಳು. ಖಾದರಸಾಬ ಪೆಟ್ಟಿಗೆಯನ್ನು ಎದೆಗೆ ಆನಿಸಿಕೊಂಡು, ಒಂದೊಂದೇ ಹೆಜ್ಜೆ ನೋಡಿ ಇಡುತ್ತ ದಿಬ್ಬ ಇಳಿದ. ಜೀಪು ಹೊರಟು ಧೂಳು ಅಡಗಿದ ಮೇಲೂ ಅಜ್ಜಿ ಅಲ್ಲೇ ನಿಂತಿದ್ದಳು.

ಒಲೆಯನ್ನು ಎದುರಿನ ಗೋಡೆಗೆ ಹಾಕಿದರು. ಅಲ್ಲಿ ಹೊಗೆ ಹೊರಗೆ ಹೋಗುತ್ತಿರಲಿಲ್ಲ, ಅವ್ವನ ಕಣ್ಣುಗಳು ಇನ್ನಷ್ಟು ಕೆಂಪಾದವು. ಮಳೆ ಬಂತು, ಹಿಂದಿನ ಗೋಡೆ ಬಿರುಕು ಬಿಟ್ಟಿತು, ಅಪ್ಪ ಅದಕ್ಕೆ ಆಸರೆ ಕೊಟ್ಟ. ಅಜ್ಜಿ ಮನೆಗೆ ಬಂದಳು. ಮೊದಲ ತುತ್ತು ನುಂಗಿ, "ಉಪ್ಪು ಕಮ್ಮಿ ಆಗೇತಿ," ಎಂದಳು. ಅವ್ವ ಉಪ್ಪಿನ ಮರಿಗೆಯನ್ನು ಅವಳ ಕಡೆ ಸರಿಸಿದಳು. ಅತ್ತೆ ಸೊಸೆ ತಾಯಿ ಮಗಳಾದರು ಎಂದು ಬರೆದರೆ ಸುಳ್ಳಾಗುತ್ತದೆ. ಎಮ್ಮೆಗೆ ಬೈಗುಳ ತಪ್ಪಲಿಲ್ಲ. ಆದರೆ ಒಂದು ಸಂಜೆ ಅಪ್ಪ ಮುಂದೆ, ಅವ್ವ ಹಿಂದೆ, ಕೊನೆಗೆ ಕೋಲೂರಿಕೊಂಡು ಅಜ್ಜಿ, ಮೂವರೂ ಹೊಳೆಗೆ ಹೋದರು. ನನ್ನನ್ನು ಕರೆಯಲಿಲ್ಲ, ನಾನೇ ಹೋದೆ. ಅಪ್ಪ ನೀರಿನ ನಡುವಿನ ಒಂದು ಕಡೆಗೆ ಕೈ ತೋರಿಸಿದ. ಅಲ್ಲಿ ಏನೂ ಇರಲಿಲ್ಲ. ಹೊಸ ನೀರು ಕೆಂಪಗೆ ಹರಿಯುತ್ತಿತ್ತು. ಅಜ್ಜಿ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಬಿಟ್ಟಳು. ಎಷ್ಟು ಸಲ ಎತ್ತಿದಳೋ, ಯಾರಿಗಾಗಿ ಎತ್ತಿದಳೋ, ನಾವು ಕೇಳಲಿಲ್ಲ. "ಹೊತ್ತಾತು," ಎಂದಳು ಅವ್ವ. ಕೊಡ ತುಂಬಿಕೊಂಡು ದಿಬ್ಬ ಹತ್ತತೊಡಗಿದಳು.

ನನ್ನನ್ನು ಸವಣೂರಿಗೆ ಕೊಟ್ಟರು. ಅಜ್ಜಿ ಆಗ ಇರಲಿಲ್ಲ. ಎರಡನೆಯ ಹೆರಿಗೆಯಲ್ಲಿ ನನ್ನ ಮಗಳು ಹುಟ್ಟುವಾಗಲೇ ಉಸಿರಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸಬಾಯಿ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ನನ್ನ ಕಡೆ ಬೆನ್ನು ಮಾಡಿಕೊಂಡು, ಬಾಗಿಲ ಹೊರಗೆ ನಿಂತಿದ್ದ ನನ್ನ ಗಂಡನ ಕೈಗೆ ಕೊಡಲು ಹೊರಟಿದ್ದಳು. ಕೆಟ್ಟ ಹೆಂಗಸಲ್ಲ ಅವಳು. ಕಂಡರೆ ಸಂಕಟ ಹೆಚ್ಚಾಗುತ್ತದೆಂದು ತಿಳಿದೇ ಹಾಗೆ ಮಾಡಿದಳು. ನನಗೂ ಆ ಹೊತ್ತಿಗೆ ನೋಡುವುದು ಬೇಡವಾಗಿತ್ತು. ಕಣ್ಣು ಮುಚ್ಚಿಕೊಂಡಿದ್ದೆ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅವ್ವ ಎದ್ದು ಅವಳ ದಾರಿಗೆ ಅಡ್ಡ ನಿಂತಳು.

"ಹಡದಾಕಿ ಇಲ್ಲಿ ಮಲಗ್ಯಾಳ್ರಿ. ಆಕೀ ಕೈಯಾಗ ಕೊಡ್ರಿ."

"ಬ್ಯಾಡ್ರಿ ಅಮ್ಮಾ, ಅಳತಾರ."

"ಅಳ್ಲಿ," ಎಂದಳು ಅವ್ವ.

ಕೂಸಿಗೆ ತಲೆತುಂಬ ಕೂದಲಿತ್ತು. ಎಡಗೈಯ ಬೆರಳುಗಳು ಮಡಚಿಕೊಂಡಿದ್ದವು, ನಾನು ಬಿಡಿಸಿ ನೋಡಿ ಮತ್ತೆ ಮಡಚಿದೆ. ಅವ್ವ ಅವಸರ ಮಾಡಲಿಲ್ಲ, ಯಾರಿಗೂ ಅವಸರ ಮಾಡಗೊಡಲಿಲ್ಲ. ಆಮೇಲೆ ನನ್ನ ಗಂಡನ ಜೊತೆ ತಾನೇ ಹೋಗಿ ಜಾಗ ನೋಡಿ ಬಂದು, ಹಾಸಿಗೆಯ ಪಕ್ಕ ಕೂತು, ಎಲ್ಲಿ, ಯಾವ ಗಿಡದ ಹತ್ತಿರ, ತಲೆ ಯಾವ ಕಡೆ ಎಂದು ನನಗೆ ಬಿಡಿಸಿ ಹೇಳಿದಳು. ನಾನು ತಿರುಗಿ ಹೇಳುವವರೆಗೂ ಬಿಡಲಿಲ್ಲ.

ಆ ಜಾಗ ನಮ್ಮ ಎಲೆಬಳ್ಳಿ ತೋಟದ ಆಚೆ, ಬದುವಿನ ಮೇಲಿದೆ. ಈಗ ನನಗೆ ಅಷ್ಟು ದೂರ ನಡೆಯುವುದು ಕಷ್ಟ. ವರ್ಷದಲ್ಲಿ ಯಾವಾಗಲಾದರೂ ಮನಸ್ಸು ಬಂದಾಗ ಹೋಗುತ್ತೇನೆ. ಪ್ರಾರ್ಥನೆಯನ್ನೇನೂ ಮಾಡುವುದಿಲ್ಲ, ಅಳುವುದೂ ನಿಂತಿದೆ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕಾಲು ಚಾಚಿ ಕೂತು, ದಣಿವಾರಿದ ಮೇಲೆ ಎದ್ದು ಬರುತ್ತೇನೆ.